ಹಿಮಚಂದ್ರನ ಯೋಜನೆಗೆ ದಾರಿ ತೋರಿದ ಐಸ್ ಮಿಸ್ತ್ರಿ

ಗಂಗಾವತಿಯ ಐಸ್ ಕಾರ್ಖಾನೆಯ ಮಿಸ್ತ್ರಿಯವರ ಬೆರಳ ತುದಿಗಳು ಸುಣ್ಣ ಮೆತ್ತಿದಂತೆ ಬೆಳ್ಳಗಿದ್ದವು. ಮೂವತ್ತು ವರ್ಷ ಉಪ್ಪುನೀರಿನ ತೊಟ್ಟಿಯಿಂದ ಐಸ್ ಡಬ್ಬಿ ಎತ್ತಿದ ಕೈಗಳವು. ಚಹಾದ ಲೋಟ ಎಷ್ಟೇ ಸುಡಲಿ, ಅವರಿಗೆ ಗೊತ್ತಾಗುತ್ತಿರಲಿಲ್ಲ.

ನಾನು ಕೊಪ್ಪಳದ ಕಾಲೇಜೊಂದರಲ್ಲಿ ಭೌತಶಾಸ್ತ್ರ ಕಲಿಸುತ್ತೇನೆ. ಗುರುಗ್ರಹವನ್ನು ಸುತ್ತುವ ಹಿಮದ ಚಂದ್ರನೊಂದಕ್ಕೆ ರೋಬೋಟ್ ಕಳಿಸುವ ಯೋಜನೆ ರೂಪಿಸುವ ಸ್ಪರ್ಧೆಗೆ ನನ್ನ ನಾಲ್ವರು ವಿದ್ಯಾರ್ಥಿನಿಯರು ಸೇರಿದ್ದರು. ಬಿಸಿ ಮೂತಿಯ ಯಂತ್ರವೊಂದು ಹಿಮ ಕರಗಿಸುತ್ತ ಅದರಡಿಯ ಕಡಲಿಗೆ ಇಳಿಯಬೇಕು. ಮಾದರಿಯನ್ನು ಪರೀಕ್ಷಿಸಲು ನಮ್ಮ ಬಿಸಿಲ ಸೀಮೆಯಲ್ಲಿ ಅಷ್ಟು ಐಸ್ ಎಲ್ಲಿ? ಹಾಗೆ ಮಿಸ್ತ್ರಿಯವರ ಬಳಿ ಹೋದೆವು.

ಮೇಲಿನಿಂದ ವೈರ್ ಬಿಡುತ್ತ ಐಸಿನೊಳಗೆ ಇಳಿಸಿದ ಯಂತ್ರ ಗೇಣುದ್ದ ಇಳಿದು ನಿಂತುಬಿಟ್ಟಿತು. ಹುಡುಗಿಯರು ಲೆಕ್ಕ ತಪ್ಪಿತೆಂದು ಲ್ಯಾಪ್‌ಟಾಪ್ ತೆರೆದರು. ಮಿಸ್ತ್ರಿ ಬಗ್ಗಿ ನೋಡಿ ನಕ್ಕರು.

"ಹಿಂದಿನ ನೀರು ಮತ್ತ ಬರ್ಫ ಆಗಿ ವೈರ್ ಹಿಡಕೊಂಡೈತ್ರಿ ಮೇಡಮ್ಮಾರ. ಮ್ಯಾಲಿಂದ ವೈರ್ ಬಿಟ್ರ ಹೆಂಗ ಇಳೀತೈತಿ? ವೈರಿನ ಸುರುಳಿನ ಯಂತ್ರದ ಹೊಟ್ಟ್ಯಾಗ ಇಡ್ರಿ. ಬಿಚಗೋಂತ ಹೋಗ್ಲಿ."

ನಾನು ಬೆರಗಾಗಿ ನಿಂತೆ. ತಿಂಗಳುಗಟ್ಟಲೆ ನಮಗೆ ಹೊಳೆಯದ್ದು ಅವರಿಗೆ ಒಂದು ನೋಟಕ್ಕೆ ಕಂಡಿತ್ತು.

"ಆ ಚಂದ್ರನ ಮ್ಯಾಲ ರಿಪೇರಿಗೆ ಯಾರೂ ಇರಂಗಿಲ್ಲಲ್ರಿ? ಕೆಡೂದೆಲ್ಲಾ ಇಲ್ಲೇ ಕೆಡ್ಲಿ" ಎನ್ನುತ್ತ ವಾರಗಟ್ಟಲೆ ಐಸ್ ಕಟ್ಟಿಕೊಟ್ಟರು.

ಕೊನೆಯ ಸುತ್ತಿನಲ್ಲಿ ತೀರ್ಪುಗಾರರು ಆ ಸುರುಳಿಯನ್ನೇ ಮೆಚ್ಚಿ, "ಇದು ಯಾರ ವಿಚಾರ?" ಎಂದರು.

"ನಮ್ಮ ತಂಡದ್ದು" ಎಂದಿತು ನನ್ನ ಬಾಯಿ. ಹುಡುಗಿಯರು ಥಟ್ಟನೆ ನನ್ನತ್ತ ತಿರುಗಿದರು. ನಾಲ್ಕನೇ ಇಯತ್ತೆಯವರೆಗಷ್ಟೇ ಶಾಲೆ ಕಲಿತ ಮಿಸ್ತ್ರಿಯ ಹೆಸರು ಹೇಳಿದರೆ ನಕ್ಕಾರೆಂಬ ಅಂಜಿಕೆ ನನ್ನೊಳಗಿತ್ತೆಂದು ಆವರೆಗೆ ನನಗೇ ಗೊತ್ತಿರಲಿಲ್ಲ.

ತಪ್ಪೊಪ್ಪಿಕೊಳ್ಳಲು ಮರುದಿನವೇ ಗಂಗಾವತಿ ಬಸ್ ಹತ್ತಿದೆ. ಕಾರ್ಖಾನೆ ಬಾಗಿಲು ಹಾಕಿತ್ತು.

"ಮಿಸ್ತ್ರಿ ಹೋಗ್ಯಾರ್ರಿ" ಎಂದ ಕಾವಲುಗಾರ.

"ಎಲ್ಲಿಗೆ?" ಎಂದೆ.

ಅವನು ತಲೆ ತಗ್ಗಿಸಿದ. ಹಿಂದಿನ ದಿನ, ನಾನು ತೀರ್ಪುಗಾರರ ಮುಂದೆ ನಿಂತಿದ್ದ ದಿನವೇ, ತೊಟ್ಟಿಯ ಪಕ್ಕ ಎದೆ ಹಿಡಿದುಕೊಂಡು ಕುಸಿದವರು ಮತ್ತೆ ಏಳಲಿಲ್ಲವಂತೆ. ಅವನಿಂದ ಅವರ ಮನೆಯ ದಾರಿ ಕೇಳಿಕೊಂಡೆ.

ಮನೆಗೆ ಹೋದಾಗ ಅವರ ಹೆಂಡತಿ ನನ್ನ ಕೈ ಹಿಡಿದರು. "ಮೇಡಮ್ಮಾರು ದೊಡ್ಡೋರ ಮುಂದ ನನ್ನ ಹೆಸರು ಹೇಳ್ತಾರ ಅಂತ ನಮ್ಮ ಮನಿಯವರು ಓಣಿಗೆಲ್ಲಾ ಹೇಳ್ಯಾರ್ರಿ. ನೀವು ಹೇಳಿದ್ರೇನ್ರಿ?"

ಸುಳ್ಳು ನಾಲಿಗೆಯ ತುದಿಗೆ ಬಂದಿತ್ತು. "ಇಲ್ರಿ" ಎಂದೆ.

ಅವರು ಕೈ ಬಿಡಲಿಲ್ಲ. "ಹಂಗಾರ ಈಗ ಹೇಳ್ರಿ" ಎಂದರು.

ನೆರೆದ ಮಂದಿಯ ನಡುವೆ, ಅಂಗಳದಲ್ಲೇ ನಿಂತು ತೀರ್ಪುಗಾರರಿಗೆ ಫೋನ್ ಮಾಡಿದೆ. ಮಿಸ್ತ್ರಿಯವರ ಪೂರ್ತಿ ಹೆಸರನ್ನು ನಾನು ಜೋರಾಗಿ ಹೇಳಿದ್ದು ಅದೇ ಮೊದಲು.