ಬೇಡಿದ ಸೀರೆಯ ಎಂಟು ವರ್ಷ

ನನ್ನ ಅವ್ವ ಶೇಖರಮ್ಮ ಎಂಟು ವರ್ಷ ಊರವರು ಉಟ್ಟು ಬಿಟ್ಟ ಸೀರೆಗಳನ್ನು ಉಟ್ಟಳು. ಬಡತನದಿಂದ ಅಲ್ಲ. ಅವಳ ಅಪ್ಪ ಗವಿಸಿದ್ದಪ್ಪನಿಗೆ ಕುಷ್ಟಗಿಯಲ್ಲಿ ಅರಿವೆ ಅಂಗಡಿ ಇತ್ತು, ಸೀರೆಯ ಗಂಟುಗಳು ಜಂತಿಗೆ ತಾಗುತ್ತಿದ್ದವು. ಗಂಡ, ಅಂದರೆ ನನ್ನ ಅಪ್ಪ ದೇವೇಂದ್ರಪ್ಪ, ಯಲಬುರ್ಗಿಯಲ್ಲಿ ಹೊಲವನ್ನೂ ಹತ್ತಿ ವ್ಯಾಪಾರವನ್ನೂ ನಡೆಸುತ್ತಿದ್ದವನು. ಇಷ್ಟಿದ್ದೂ ಅವ್ವ ಚಿಂದಿ ಉಟ್ಟಳು. ಯಾಕೆ ಎಂದು ಕೇಳಿದವರಿಗೆ ಅಪ್ಪನ ತಾಯಿ, ನಮ್ಮ ಅಜ್ಜಿ ಮುದಕಮ್ಮ, ಒಂದೇ ಮಾತು ಹೇಳುತ್ತಿದ್ದಳು: "ಮಗ ಉಳೀಬೇಕಲ್ಲ?" ಅದನ್ನು ಕೇಳಿದವರ ಬಾಯಿ ಅಲ್ಲಿಗೆ ಕಟ್ಟುತ್ತಿತ್ತು. ನನ್ನ ಬಾಯಿ ಮಾತ್ರ ಇವತ್ತಿಗೂ ಕಟ್ಟಿಲ್ಲ.

ಮದುವೆಗೆ ಮುಂಚೆ ಅವ್ವನ ಉಡುಗೆಯ ಗತ್ತು ಕುಷ್ಟಗಿ ಪೇಟೆಗೆಲ್ಲ ಗೊತ್ತಿತ್ತು. ದೋಟಿಹಾಳದ ನೇಕಾರರು ಸೀರೆ ತಂದು ಹಾಸಿದರೆ ಅವಳು ಹೊಸ್ತಿಲಲ್ಲೇ ನಿಂತು, ಗದ್ದ ಎತ್ತಿ ತನಗೆ ಬೇಕಾದದ್ದನ್ನು ತೋರಿಸುತ್ತಿದ್ದಳಂತೆ. ಅದು ಯಾವಾಗಲೂ ಕಡುಗಪ್ಪು, ಇಲ್ಲವೇ ಕಪ್ಪಿಗೆ ತೀರ ಹತ್ತಿರದ ನೀಲಿ. ದಡಿ ದಾಳಿಂಬೆ ಕೆಂಪು. ಕುಪ್ಪಸಕ್ಕೆ ಹಸಿರು ಖಣ. ಬಿರುಸಾಗಿ ನಡೆಯುವವಳಾದ್ದರಿಂದ ನಿರಿಗೆಯನ್ನು ಹಿಮ್ಮಡಿಗಿಂತ ತುಸು ಮೇಲೆ ಹಿಡಿಯುತ್ತಿದ್ದಳು. ಸೆರಗು ತಲೆಯ ಮೇಲಿಂದ ಇಳಿದು, ಅದರಲ್ಲಿ ನೇಯ್ದ ಬಿಳಿ ಕೆಂಪು ತೆನೆಗಳೆಲ್ಲ ಕಾಣುವ ಹಾಗೆ ಬಲತೋಳಿನ ಮೇಲೆ ಬೀಳಬೇಕು. ನಿಶ್ಚಯದ ದಿನ ಯಲಬುರ್ಗಿಯವರು ಅರಿಶಿನ ಬಣ್ಣದ ಸೀರೆ ತಂದಾಗ, "ಇದು ನನಗ ಒಪ್ಪಂಗಿಲ್ಲ, ಬ್ಯಾರೇದು ಕೊಡ್ರಿ" ಎಂದು ನಾಲ್ಕು ಮಂದಿ ಹಿರಿಯರ ಎದುರಿಗೇ ಹೇಳಿದಳು. ಗವಿಸಿದ್ದಪ್ಪಜ್ಜನಿಗೆ ನೆಲ ಬಾಯಿ ಬಿಡಬಾರದೇ ಎನ್ನಿಸಿತಂತೆ. ಮುದಕಮ್ಮ ನಕ್ಕು ಸೀರೆ ಬದಲಿಸಿಕೊಟ್ಟಳು. ಆದರೆ ಮರೆಯಲಿಲ್ಲ.

ಅವ್ವನಿಗೆ ಮೊದಲು ಹುಟ್ಟಿದ ಗಂಡುಕೂಸು ತಿಂಗಳು ತುಂಬುವ ಮೊದಲೇ ಹೋಯಿತು. ಎರಡನೆಯದು ದುಂಡು ದುಂಡಾಗಿತ್ತು. ಅದರ ತೊಟ್ಟಿಲ ಶಾಸ್ತ್ರಕ್ಕೆ ಅವ್ವ ತನ್ನ ಕಪ್ಪು ಸೀರೆ ಉಟ್ಟು ಕೂತಿದ್ದಳು, ಬಂದ ಹೆಂಗಸರೆಲ್ಲ ಅವಳನ್ನು ಕಣ್ಣರಳಿಸಿ ನೋಡಿದ್ದರು. ಕೂಸು ಕೂರಲು ಕಲಿಯುವ ಹೊತ್ತಿಗೆ ವಾಂತಿ ಭೇದಿ ಹತ್ತಿ ಅದೂ ತೀರಿಕೊಂಡಿತು. ಮಣ್ಣು ಮಾಡಿ ಬಂದ ಮೇಲೆ ಮುದಕಮ್ಮ ಅಂದಳು, "ತೊಟ್ಟಿಲದಾಗಿನ ಕೂಸು ಬಿಟ್ಟು ಮಂದಿ ತಾಯೀನ್ನ ನೋಡಿದ್ರು. ಆ ಕಣ್ಣು ಕೂಸಿಗೆ ಬಡೀತು." ಊರವರಷ್ಟೇ ಇದನ್ನು ನಂಬಿದ್ದರೆ ನನಗೆ ಇಷ್ಟು ಸಿಟ್ಟು ಬರುತ್ತಿರಲಿಲ್ಲ. ಅವ್ವನೇ ನಂಬಿದಳು. ತಾನು ಚಂದ ಕಂಡದ್ದಕ್ಕೆ ತನ್ನ ಮಗು ಸತ್ತಿತು ಎಂದು ಆ ಹೆಂಗಸು ನಂಬಿದಳು.

ಮೂರನೆಯವನು ನನ್ನ ಅಣ್ಣ, ಸಾವಿರದ ಒಂಬೈನೂರ ಮೂವತ್ತೆಂಟರಲ್ಲಿ ಹುಟ್ಟಿದ. ಅವನನ್ನು ಮೊರದಲ್ಲಿ ಮಲಗಿಸಿ, ತಿಪ್ಪೆಯ ಮೇಲಿಟ್ಟು, ಯಾರದೋ ಕೂಸು ಸಿಕ್ಕಿತು ಎಂಬಂತೆ ಎತ್ತಿಕೊಂಡು ಬಂದರು. ಸಾವು ಕೂಡ ಮೂಗು ಮುರಿಯಲಿ ಎಂದು ಹುಚ್ಚೀರಪ್ಪ ಎಂದು ಹೆಸರಿಟ್ಟರು. ಇದೆಲ್ಲ ನಮ್ಮ ಕಡೆ ಮಕ್ಕಳು ನಿಲ್ಲದ ಮನೆಗಳಲ್ಲಿ ನಡೆಯುವುದೇ. ಮುದಕಮ್ಮ ಮಾತ್ರ ಇನ್ನೊಂದು ಹೆಜ್ಜೆ ಮುಂದೆ ಹೋಗಿ ಹುಲಿಗಿಯ ಅಮ್ಮನಿಗೆ ಹರಕೆ ಹೊತ್ತಳು. ಹುಡುಗನಿಗೆ ಐದು ತುಂಬಿ ಜಾವಳದ ಕೂದಲು ತೆಗೆಸುವ ತನಕ ತಾಯಿ ಹೊಸ ಅರಿವೆ ಮುಟ್ಟಬಾರದು. ಮಕ್ಕಳು ಉಳಿದ ಮನೆಗಳಿಂದ ಬೇಡಿ ತಂದದ್ದನ್ನೇ ಉಡಬೇಕು. ಇಂಥದು ಬೇಕು ಎಂದು ಆರಿಸಬಾರದು. ಅವ್ವ ಬಾಣಂತಿ ಕೋಣೆಯಿಂದಲೇ "ಆಗಲಿ" ಅಂದಳು.

ಹೀಗೆ ಅವಳು ಊರ ಹೆಂಗಸರನ್ನೆಲ್ಲ ಒಬ್ಬೊಬ್ಬರಾಗಿ ಉಟ್ಟಳು. ಏಳು ಮಕ್ಕಳ ತಾಯಿ ಯಂಕವ್ವ ಕೊಟ್ಟದ್ದರಲ್ಲಿ ಸಗಣಿಯ ವಾಸನೆ ಎಷ್ಟು ಒಗೆದರೂ ಹೋಗಲಿಲ್ಲ. ಮತ್ತೊಬ್ಬಳದು ಗಿಳಿಹಸಿರು, ಮೊಣಕಾಲ ಬಳಿ ಜಾಲಿ ಮುಳ್ಳಿಗೆ ಹರಿದದ್ದು. ಗಿಡ್ಡ ಹೆಂಗಸರ ಸೀರೆ ಉಟ್ಟಾಗ ಸೆರಗು ತಲೆಗೆ ಸಾಲುತ್ತಿರಲಿಲ್ಲ, ಅವ್ವ ಕತ್ತು ಬಗ್ಗಿಸಿ ನಡೆಯುತ್ತಿದ್ದಳು. ಹಿಂದಿನ ಮನೆಯ ಇಮಾಮಬಾನು ಊರಿನ ಕುಪ್ಪಸ ಹೊಲಿಯುವವಳು. ಹರಿದದ್ದನ್ನು ಕೊಡಲು ಅವಳಿಗೆ ನಾಚಿಕೆಯಾಗಿ, ತನ್ನ ಸೀರೆಯನ್ನು ಒಗೆದು, ಅಂಚಿಗೆ ಸಣ್ಣ ಹೊಲಿಗೆ ಹಾಕಿ, ಬಿಸಿ ತಂಬಿಗೆಯಿಂದ ತಿಕ್ಕಿ ತಂದುಕೊಟ್ಟಳು. ಮುದಕಮ್ಮ ಅದನ್ನು ಹಿಡಿದು ನೋಡಿ, "ಇದು ಹೊಸಾದ್ರಂಗ ಆಗೇತೆವ್ವ, ದೇವಿ ಒಪ್ಪಂಗಿಲ್ಲ" ಎನ್ನುತ್ತ ಹೊಲಿಗೆ ಬಿಚ್ಚಿ, ಅಂಚನ್ನು ಗೇಣುದ್ದ ಹರಿದು ಅವ್ವನ ಕೈಗೆ ಕೊಟ್ಟಳು. ಇಮಾಮಬಾನು ಎದ್ದುಹೋದಳು.

ಅಣ್ಣ ಹುಟ್ಟಿದ ಎರಡು ವರ್ಷಕ್ಕೆ ನಾನು ಹುಟ್ಟಿದೆ. ನನ್ನನ್ನು ಯಾರೂ ತಿಪ್ಪೆಯ ಮೇಲೆ ಇಡಲಿಲ್ಲ. ನನಗೆ ಪಂಪಾವತಿ ಎಂಬ ಒಳ್ಳೆಯ ಹೆಸರನ್ನೇ ಇಟ್ಟರು, ಹೆಣ್ಣುಕೂಸಿನ ಮೇಲೆ ಯಾರ ಕಣ್ಣು ಬೀಳುತ್ತದೆ ಎಂಬ ಧೈರ್ಯದಿಂದ.

ಐದು ವರ್ಷ ಮುಗಿದವು. ಹುಲಿಗಿಗೆ ಹೋಗಿ ಅಣ್ಣನ ಕೂದಲು ತೆಗೆಸಿ ಬಂದೆವು. ಅವನು ಕಲ್ಲುಗುಂಡಿನಂತೆ ಇದ್ದ. ಆಗ ಯುದ್ಧದ ಕಾಲ, ಅರಿವೆಗೂ ಕಂಟ್ರೋಲು ಬಂದು ಅಂಗಡಿಗಳು ಖಾಲಿ ಬಿದ್ದಿದ್ದವು. ಊರ ಹೆಂಗಸರಿಗೇ ಉಡಲು ಸಾಲದೆ, ಅವ್ವನಿಗೆ ಬರುವ ಬಿಟ್ಟ ಸೀರೆಗಳು ಬಲೆಯಂತೆ ತೂತಾಗಿ ಬರುತ್ತಿದ್ದವು. ಅಂಥ ದಿನಗಳಲ್ಲೂ ಗವಿಸಿದ್ದಪ್ಪಜ್ಜ ಎಲ್ಲಿಂದಲೋ ಮೂರು ಸೀರೆ ಹೊಂದಿಸಿಕೊಂಡು ಚಕ್ಕಡಿ ಕಟ್ಟಿಸಿ ಬಂದ. ಪಡಸಾಲೆಯಲ್ಲಿ ಹಾಸಿ, "ಆರಿಸ್ಕೋ ಅವ್ವಾ, ಹರಕಿ ಮುಗೀತಲ್ಲ" ಅಂದ.

ಅವ್ವ ಬಹಳ ಹೊತ್ತು ನೋಡಿದಳು. ಕೈ ಮುಂದೆ ಬರಲಿಲ್ಲ. "ಯಾವುದಾರ ಆಗ್ಲಿ ಬಿಡಪ್ಪಾ" ಅಂದಳು.

ಅಜ್ಜ ಮಗಳ ಮುಖ ನೋಡಿದ. ಅವನ ಕಣ್ಣು ತುಂಬಿಬಂತು. ಅಷ್ಟರಲ್ಲಿ ಮುದಕಮ್ಮ, "ಅವಸರ ಯಾಕ? ಹುಡುಗನ ಹಲ್ಲು ಬಿದ್ದು ಹೊಸಾವು ಬರೂತನಕ ತಡೀರಿ. ದೇವಿಗೆ ಹೆಚ್ಚು ಕೊಟ್ರ ಸಿಟ್ಟಾಗಂಗಿಲ್ಲ" ಅಂದಳು. ಅವ್ವ ತಲೆಯಾಡಿಸಿದಳು. ಅವಳಿಗೆ ಅದರಿಂದ ಬಿಡುಗಡೆಯೇ ಆದಂತಿತ್ತು ಎಂದು ಅಪ್ಪ ಮುಂದೆ ನನಗೆ ಹೇಳಿದ. ಅಜ್ಜ ಹೊರಡುವಾಗ ಎರಡನ್ನು ಮರಳಿ ಕಟ್ಟಿಕೊಂಡು, ಕಪ್ಪು ಸೀರೆಯೊಂದನ್ನು ಅವಳ ಪೆಟ್ಟಿಗೆಯಲ್ಲಿ ಇಟ್ಟುಹೋದ. ಅಣ್ಣನ ಹಲ್ಲು ಬಿದ್ದವು, ಹೊಸ ಹಲ್ಲು ಬಂದವು. ಆಮೇಲೆ ಸಾಲಿಗೆ ಸೇರುವ ತನಕ ಅಂದರು. ಸಾಲಿಗೂ ಸೇರಿದ. ಹರಕೆ ಮಾತ್ರ ಮುಗಿಯಲೇ ಇಲ್ಲ.

ನನಗೆ ಆರು ತುಂಬಿದ ವರ್ಷ ಜ್ವರ ಬಂತು. ಬಿಡದ ಜ್ವರ. ಮೈ ಕಾದ ಹಂಚಾಗಿ, ನಾಲಗೆ ಒಣಗಿ, ಕರೆದರೆ ಓಗೊಡದೆ ಬಿದ್ದುಕೊಂಡೆನಂತೆ. ಔಷಧ ಕೊಡುತ್ತಿದ್ದ ಪಂಡಿತರು ಒಂದು ಬೆಳಿಗ್ಗೆ ನಾಡಿ ಹಿಡಿದು ನೋಡಿ, ಅವತ್ತಿನ ಔಷಧವನ್ನೂ ಕೊಡದೆ ಕೈ ತೊಳೆದುಕೊಂಡು ಹೊರಟರು. ಅವ್ವ ಓಡಿಹೋಗಿ ಮುದಕಮ್ಮನ ಕಾಲು ಹಿಡಿದಳು.

"ಅತ್ತೀ, ಇಕೀ ಮ್ಯಾಲೂ ಒಂದು ಹರಕಿ ಕಟ್ರಿ. ಏನ್ ಹೇಳಿದ್ರೂ ಮಾಡ್ತೀನಿ."

"ಈಗಾಗಲೆ ಗಂಡುಹುಡುಗನ ಹರಕಿ ನಿನ್ನ ಮೈಮ್ಯಾಲೆ ಐತಿ," ಅಂದಳು ಮುದಕಮ್ಮ. "ಇಕೀದೂ ಅದರಾಗ ಬೆರಸಿದ್ರ ಅವಂಗ ಕೊರತಿ ಆಕ್ಕೈತಿ. ಹೆಣ್ಣುಕೂಸು ಗಟ್ಟಿ ಇರ್ತಾವ. ಉಳೀತಾವ, ಇಲ್ಲಾ…"

ಮುದಕಮ್ಮ ಕೆಟ್ಟವಳಲ್ಲ. ಅವಳೂ ಹೆದರಿದವಳು, ಅವಳೂ ಎರಡು ಮೊಮ್ಮಕ್ಕಳನ್ನು ಮಣ್ಣಿಗೆ ಕೊಟ್ಟವಳು. ಆದರೂ ಆ "ಇಲ್ಲಾ" ಎಂಬ ಮಾತನ್ನು ನಾನು ಕ್ಷಮಿಸಿಲ್ಲ. ಅವ್ವನೂ ಕ್ಷಮಿಸಲಿಲ್ಲ. ಅವಳು ಕಾಲು ಬಿಟ್ಟು ಎದ್ದು ನಿಂತಳು. ಬಚ್ಚಲಿಗೆ ಹೋಗಿ ತಲೆಯ ಮೇಲೆ ನೀರು ಸುರಿದುಕೊಂಡಳು. ಪೆಟ್ಟಿಗೆ ತೆಗೆದು ಕಪ್ಪು ಸೀರೆ ಹೊರತೆಗೆದಳು. ಮುದಕಮ್ಮ ಬಾಗಿಲಿಗೆ ಅಡ್ಡ ನಿಂತು, "ಹುಚ್ಚೀರಪ್ಪನ್ನ ತಿಂತೀಯೇನ?" ಎಂದು ಚೀರಿದಳು.

"ಇಕಿ ಹೋಗೂದಾದ್ರ, ತಾಯಿ ಮಾರಿ ನೋಡಿ ಹೋಗ್ಲಿ," ಅಂದಳು ಅವ್ವ. "ಹುಟ್ಟಿದಾಗಿಂದ ಇಕಿ ಮಂದಿ ಚಿಂದಿನ್ನ ನೋಡ್ಯಾಳ, ನನ್ನ ನೋಡೇ ಇಲ್ಲ."

ಹಳೆಯ ಕುಪ್ಪಸ ಮೈಗೆ ಹಿಡಿಯಲಿಲ್ಲ. ನಾಲ್ಕು ಹೆತ್ತ ಮೈ, ತೋಳಲ್ಲೇ ಸಿಕ್ಕಿಕೊಂಡಿತು. ಗಲಾಟೆ ಕೇಳಿ ಬಂದ ಇಮಾಮಬಾನು ಕುಪ್ಪಸ ಈಸಿಕೊಂಡು, ನನ್ನ ಹಾಸಿಗೆಯ ಪಕ್ಕದಲ್ಲೇ ಕೂತು ಬಗಲ ಹೊಲಿಗೆ ಬಿಚ್ಚಿ ಪಟ್ಟಿ ಕೂಡಿಸಿ ಕೊಟ್ಟಳು. ಅವ್ವ ಮೊದಲು ತನ್ನ ಹಳೆಯ ರೀತಿಯಲ್ಲೇ ಉಟ್ಟಳು. ಸೆರಗು ಬಲತೋಳಿನ ಮೇಲೆ ನಿಲ್ಲಲಿಲ್ಲ, ಮಗುವಿನ ಮೇಲೆ ಬಗ್ಗಿದಾಗಲೆಲ್ಲ ಜಾರುತ್ತಿತ್ತು. ಬಿಚ್ಚಿ, ಮತ್ತೆ ಉಟ್ಟು, ಸೆರಗನ್ನು ಸುತ್ತಿ ಎಡನಡುವಿಗೆ ಬಿಗಿಯಾಗಿ ಸಿಕ್ಕಿಸಿದಳು. ಬಲಗೈ ಖಾಲಿಯಾಯಿತು. ಸಾಯುವ ತನಕ ಅವಳು ಸೀರೆ ಉಟ್ಟದ್ದು ಹಾಗೆಯೇ.

ನನಗೆ ನೆನಪಿರುವುದು ಇಷ್ಟು. ಕಣ್ಣು ತೆರೆದಾಗ ಮಧ್ಯಾಹ್ನದ ಬೆಳಕಿನಲ್ಲಿ ಕರಿ ಸೀರೆಯ, ಕೆಂಪು ದಡಿಯ ಒಬ್ಬ ಹೆಂಗಸು ನನ್ನ ಹಣೆಗೆ ಒದ್ದೆ ಬಟ್ಟೆ ಇಡುತ್ತಿದ್ದಳು. ಅಷ್ಟು ಚಂದದ ಹೆಂಗಸನ್ನು ನಾನು ನಮ್ಮ ಮನೆಯಲ್ಲಿ ಕಂಡಿರಲಿಲ್ಲ. "ಯಾರ್ ನೀ?" ಎಂದು ಕೇಳಿದೆ. ಅವ್ವ ಬಾಯಿಗೆ ಕೈ ಅಡ್ಡ ಹಿಡಿದು ಅತ್ತಳು. ಎಷ್ಟೋ ದಿನದ ಮೇಲೆ ನಾನು ಆಡಿದ ಮೊದಲ ಮಾತಂತೆ ಅದು. ಜ್ವರ ತಾನಾಗಿ ಇಳಿದಿತ್ತು. ಸೀರೆಯಿಂದ ಇಳಿಯಿತು ಎಂದು ನಾನು ಹೇಳುವುದಿಲ್ಲ, ಅಂಥ ಮಾತು ಕೇಳಿ ಕೇಳಿ ನನಗೆ ಸಾಕಾಗಿದೆ.

ಕತೆ ಅಲ್ಲಿಗೆ ಮುಗಿದಿದ್ದರೆ ಚೆನ್ನಾಗಿತ್ತು. ಮುಂದಿನ ಮಳೆಗಾಲದಲ್ಲಿ ಅಣ್ಣನಿಗೆ ಕೆಮ್ಮು ಹತ್ತಿತು. ಕಣ್ಣು ಹೊರಗೆ ಬರುವಂಥ ನಾಯಿಕೆಮ್ಮು. ಕೆಮ್ಮಿ ಕೆಮ್ಮಿ ಅವನ ಮುಖ ನೀಲಿಯಾಗುತ್ತಿತ್ತು. ಮುದಕಮ್ಮ ಬಯ್ಯಲಿಲ್ಲ. ಯಂಕವ್ವನ ಮನೆಗೆ ಹೋಗಿ ಒಂದು ಹಳೆಯ ಸೀರೆ ಬೇಡಿ ತಂದು, ಅವ್ವನ ಮುಂದೆ ಇಟ್ಟು, ಸೊಸೆಗೆ ಕೈ ಮುಗಿದಳು.

"ನನ್ನ ಸಲುವಾಗಿ ಬ್ಯಾಡ. ಅವನ ಸಲುವಾಗಿ ಉಟ್ಕೋ ಯವ್ವಾ."

ಅವ್ವ ಆ ಸೀರೆಯನ್ನು ನೋಡಿದಳು. ಅವಳ ಕೈ ಅದರ ತನಕ ಹೋಗಿದ್ದನ್ನು ನಾನು ಕಂಡೆ. ಆಮೇಲೆ ಕೈ ಹಿಂದೆ ತೆಗೆದುಕೊಂಡು, ಅಣ್ಣನನ್ನು ಎತ್ತಿ ತೊಡೆಯ ಮೇಲೆ ಕೂರಿಸಿಕೊಂಡು, "ಅತ್ತೀ, ನನ್ನ ಚಿಂದಿ ನೋಡಿ ಕೂಸು ಉಳಿಸೂ ದೇವಿ ಅಕಿ ಅಲ್ಲ" ಎಂದಳು. ಅವಳ ಹಲ್ಲು ಒಂದಕ್ಕೊಂದು ಕಟಕಟ ಬಡಿಯುತ್ತಿದ್ದವು. ಧೈರ್ಯವಂತೆ ಎಂದು ಅವಳನ್ನು ಹೊಗಳಿದವರು ಆ ಸದ್ದನ್ನು ಕೇಳಿದವರಲ್ಲ.

ಅಣ್ಣ ಉಳಿದ, ಆದರೆ ಅವನ ಕೆಮ್ಮು ಆ ಮಳೆಗಾಲ ಮುಗಿಯುವ ತನಕ ನಿಲ್ಲಲಿಲ್ಲ. ಅವನು ಕೆಮ್ಮಿದಾಗಲೆಲ್ಲ ಅವ್ವ ಅಡಿಯಿಂದ ಮುಡಿಯ ತನಕ ನಡುಗಿದಳು. ಸೀರೆ ಮಾತ್ರ ಬದಲಿಸಲಿಲ್ಲ.