ಏಕಾದಶಿಯ ನಾಲ್ಕು ಹನಿ

ಕಣ್ಣಿಗೆ ಔಷಧದ ಹನಿ ಹಾಕಿಕೊಳ್ಳುವುದು ಸುಲಭವೆಂದು ತಿಳಿದವರು ಒಮ್ಮೆ ಬೆಳಿಗ್ಗೆ ಏಳಕ್ಕೆ ನಮ್ಮ ಮನೆಗೆ ಬರಬೇಕು. ಹೋದ ವಾರ ಡಾಕ್ಟರು ನನ್ನ ಕಣ್ಣುಗಳೊಳಗೆ ಒತ್ತಡ ಹೆಚ್ಚಾಗಿದೆ ಎಂದು ಹೇಳಿ ಕಿರುಬೆರಳಿನಷ್ಟು ಸಣ್ಣ ಬಾಟಲಿಯೊಂದನ್ನು ಕೊಟ್ಟರು. ಇನ್ನು ಇರುವಷ್ಟು ದಿನ ಹಾಕಿಕೊಳ್ಳಬೇಕಂತೆ. ಅಂದಿನಿಂದ ಕುರ್ಚಿಯಲ್ಲಿ ತಲೆ ಹಿಂದಕ್ಕೆ ಚೆಲ್ಲಿ ಕೂತು, ಫ್ಯಾನು ನೋಡುತ್ತ ಬಾಟಲಿ ಒತ್ತುತ್ತೇನೆ. ಮೊದಲ ಹನಿ ಹುಬ್ಬಿಗೆ ಬೀಳುತ್ತದೆ. ಎರಡನೆಯದು ಮೂಗಿನ ಗುಂಟ ಇಳಿದು ಮೀಸೆ ಸೇರುತ್ತದೆ. ಮೂರನೆಯದು ನೇರವಾಗಿ ಕಣ್ಣಿಗೇ ಬರುತ್ತದೆ, ಆದರೆ ಅಷ್ಟರಲ್ಲಿ ಕಣ್ಣು ಮುಚ್ಚಿಕೊಂಡಿರುತ್ತದೆ. ಅರವತ್ತೆರಡು ವರ್ಷ ನನ್ನ ಮಾತು ಕೇಳಿದ ರೆಪ್ಪೆ ಈಗ ಕೇಳಲೊಲ್ಲದು.

ನಾಚಿಕೆ ಯಾಕೆಂದರೆ, ಹನಿ ಹಾಕುವುದರಲ್ಲಿ ನಾನು ದೊಡ್ಡ ಪಂಡಿತನೆಂದು ಹೇಳಿಕೊಂಡು ಬಂದವನು. ಕಿತ್ತೂರು, ರಾಮದುರ್ಗ, ನೌಕರಿಯಲ್ಲಿ ವರ್ಗವಾಗಿ ಹೋದಲ್ಲೆಲ್ಲ, ನಮ್ಮ ಅತ್ಯಾನ ಕಣ್ಣು ಉಳಿಸಿದವನು ನಾನೇ ಎಂದು ಚಹಾದ ಹೊತ್ತಿನಲ್ಲಿ ಹೇಳಿದ್ದೇನೆ. ನೀವು ಕೇಳಿಲ್ಲವಲ್ಲ, ನಿಮಗೂ ಹೇಳುತ್ತೇನೆ.

ಅತ್ಯಾ ಎಂದರೆ ನನ್ನ ತಂದೆಯ ಅಕ್ಕ, ಹೂಲಿ ಎಂಬ ಊರಿನಲ್ಲಿದ್ದವಳು. ಮನೆತನದಲ್ಲಿ ಪೂಜೆ, ಪುರಾಣ ನಡೆದುಬಂದಿತ್ತು. ಮಧ್ಯಾಹ್ನ ಊಟವಾದ ಮೇಲೆ ಓಣಿಯ ಹೆಂಗಸರನ್ನು ಕೂಡಿಸಿಕೊಂಡು ಪುರಾಣ ಓದಿ ಹೇಳುವುದು ಅವಳ ಪಾಲಿಗೆ ಬಂದ ಕೆಲಸ. ಅದೇ ಅವಳ ಸುಖ. ಓದುತ್ತಿದ್ದದ್ದು ಒಂದೇ ಕಣ್ಣಿನಿಂದ. ಎಡಗಣ್ಣು ಚಿಕ್ಕಂದಿನಲ್ಲೇ ಸಿಡುಬಿಗೆ ಹೋಗಿತ್ತು. ಉಳಿದ ಬಲಗಣ್ಣಿಗೂ ಪೊರೆ ಬಂದಾಗ ಪುಸ್ತಕವನ್ನು ಮೂಗಿಗೆ ತಾಗಿಸಿಕೊಂಡು ಒಂದು ವರ್ಷ ತಳ್ಳಿದಳು. ಆಮೇಲೆ ಸಾಲುಗಳೇ ಕಾಣದಾದವು. ಬಾಯಿಪಾಠವಿದ್ದದ್ದನ್ನೇ ಓದಿದಂತೆ ಹೇಳತೊಡಗಿ, ಹಾಳೆ ತಿರುವುವುದನ್ನು ಮರೆತು ಸಿಕ್ಕಿಬಿದ್ದಳು. ಅಪ್ಪ ಹೋಗಿ ಅವಳನ್ನು ಕರೆತಂದು ನಮ್ಮೂರು ಬೈಲಹೊಂಗಲದಲ್ಲಿ ಆಪರೇಷನ್ ಮಾಡಿಸಿದರು. ನಲವತ್ತು ದಿನ ನಮ್ಮ ಮನೆಯಲ್ಲೇ ಇರಬೇಕು, ದಿನಕ್ಕೆ ನಾಲ್ಕು ಸಲ ಹನಿ ಹಾಕಬೇಕು ಎಂದಾಯಿತು.

ಯಾರು ಹಾಕಬೇಕೆಂಬ ಪ್ರಶ್ನೆಯೇ ಬರಲಿಲ್ಲ. ಅಪ್ಪನಿಗೆ ಕಚೇರಿ, ಅವ್ವನಿಗೆ ಅಡುಗೆಮನೆ. ನಾನು ಬಿ.ಎ. ಮುಗಿಸಿ ನೌಕರಿಗೆ ಅರ್ಜಿ ಹಾಕಿ ಉತ್ತರ ಕಾಯುತ್ತಿದ್ದೆ. ಅಂದರೆ ಎಂಟರವರೆಗೆ ಮಲಗಿರುತ್ತಿದ್ದೆ. ಮೊದಲ ದಿನ ಕಣ್ಣುಜ್ಜಿಕೊಳ್ಳುತ್ತ ಬಾಟಲಿ ಹಿಡಿದು ಹೋದರೆ, ಅತ್ಯಾ ಕೊರಳವರೆಗೆ ಸ್ನಾನ ಮಾಡಿ ಮಡಿ ಸೀರೆ ಉಟ್ಟು ಜಪಕ್ಕೆ ಕೂತಿದ್ದಳು.

"ಅಲ್ಲೇ ನಿಲ್ಲು. ಸ್ನಾನ ಆಗೇದೇನು?"

"ಇಲ್ಲ."

"ಹಂಗಾರ ಮುಟ್ಟಬ್ಯಾಡ. ತೀರ್ಥ ಬಿಟ್ಟಂಗ ಮ್ಯಾಲಿಂದ ಬಿಡು."

ಅವಳು ಗೋಡೆಗೊರಗಿ ಮುಖ ಮೇಲೆತ್ತಿದಳು. ಒಂದು ಗೇಣು ಎತ್ತರದಿಂದ ಬಿಟ್ಟೆ. ಒಂದು ಹನಿ ಹಣೆಗೆ ಬಿತ್ತು, ಇನ್ನೊಂದು ಕಿವಿಗೆ. "ಕಿವಿ ಛಲೋ ಕೇಳಸ್ತಾವಪ್ಪ ನನಗ. ಕಣ್ಣಿಗೆ ಹಾಕು" ಎಂದಳು. ಮರುದಿನದಿಂದ ಏಳರೊಳಗೆ ಸ್ನಾನ ಮಾಡತೊಡಗಿದೆ. ಅವ್ವ ಇಪ್ಪತ್ತೆರಡು ವರ್ಷದಲ್ಲಿ ಮಾಡಿಸಲಾಗದ್ದನ್ನು ಆ ಬಾಟಲಿ ಒಂದೇ ದಿನದಲ್ಲಿ ಮಾಡಿಸಿತು.

ನಾಲ್ಕೈದು ದಿನದಲ್ಲಿ ಕೈ ಕುದುರಿತು. "ಅತ್ಯಾ, ಗಡಿಯಾರ ನೋಡು" ಎನ್ನುವುದು, ಅವಳು ಮೇಲೆ ನೋಡುತ್ತಲೇ ಕೆಳರೆಪ್ಪೆ ಎಳೆದು ಹನಿ ಬಿಡುವುದು. ಗಡಿಯಾರದಲ್ಲಿ ಎಷ್ಟಾಗಿದೆ ಎಂದು ಅವಳಿಗೆ ಕಾಣುತ್ತಿರಲಿಲ್ಲ, ಆದರೂ ನೋಡುತ್ತಿದ್ದಳು. ಸ್ವಲ್ಪ ಹೊತ್ತಿಗೆ ಮುಖ ಕಿವುಚಿ, "ಕಣ್ಣಿಗೆ ಹಾಕಿದ್ದು ಗಂಟಲದಾಗ ಹೆಂಗ ಕಹಿ ಆಗತದೋ?" ಎನ್ನುವಳು. ನನ್ನ ಬಿ.ಎ. ಪಾಠದಲ್ಲಿ ಅದು ಇರಲಿಲ್ಲ. "ಎಲ್ಲಾ ನಿನ್ನ ಭ್ರಮಾ" ಎಂದುಬಿಟ್ಟೆ. ಅವಳು ಭ್ರಮೆಗೆ ಮದ್ದಾಗಿ ಒಂದು ಚೂರು ಬೆಲ್ಲ ಬಾಯಿಗೆ ಹಾಕಿಕೊಳ್ಳುತ್ತಿದ್ದಳು.

ಹನ್ನೆರಡನೆಯ ದಿನಕ್ಕೆ ಏಕಾದಶಿ ಬಂತು. ಅತ್ಯಾನ ಏಕಾದಶಿ ನಮ್ಮಂಥವರದಲ್ಲ. ನಮ್ಮದು ಸಾಬೂದಾಣಿ, ಶೇಂಗಾ, ಬಾಳೆಹಣ್ಣು ಎಂದು ದಿನದ ಊಟಕ್ಕಿಂತ ಭರ್ಜರಿ. ಅವಳದು ನಿರ್ಜಲ. ಮರುದಿನ ದ್ವಾದಶಿಯ ಪಾರಣೆಯವರೆಗೆ ತೊಟ್ಟು ನೀರೂ ಗಂಟಲಿಗೆ ಇಳಿಯುವಂತಿಲ್ಲ. ಹನ್ನೆರಡನೆಯ ವಯಸ್ಸಿನಿಂದ ನಡೆಸಿಕೊಂಡು ಬಂದ ನೇಮ. ಮೈಸುಡುವ ಜ್ವರದಲ್ಲೂ ಬಿಟ್ಟವಳಲ್ಲ. ಅಂದು ನಾಲ್ಕೂ ಹೊತ್ತು ಹನಿ ಹಾಕಿದೆ. ಒಂದು ಸಲವೂ ಅವಳು ಮುಖ ಕಿವುಚಲಿಲ್ಲ. ಎಲ್ಲ ನನ್ನ ಕೈಗುಣ ಎಂದು ಬೀಗಿದೆ.

ಮರುದಿನ ಕಣ್ಣು ಕೆಂಡದಂತೆ ಕೆಂಪಾಗಿತ್ತು. ಆಸ್ಪತ್ರೆಗೆ ಓಡಿದೆವು. ಡಾಕ್ಟರು ನೋಡಿದವರೇ ನನ್ನ ಕಡೆ ತಿರುಗಿದರು.

"ಹನಿ ಹಾಕೇ ಇಲ್ಲ ನೀವು."

"ನಾಕೂ ಸಲ ಹಾಕೇನ್ರಿ."

"ಸುಳ್ಳ ಹೇಳಬ್ಯಾಡ್ರಿ. ಇರೂದು ಒಂದಽ ಕಣ್ಣು. ಇನ್ನೊಮ್ಮೆ ಹಿಂಗಾತಂದ್ರ ಇದೂ ಹೋಗ್ತದ."

ಆಗ ಅತ್ಯಾ ಹೇಳಿದಳು: "ಹುಡುಗಗ ಬೈಬ್ಯಾಡ್ರಿ. ಅವ ಹಾಕ್ಯಾನ. ಹನಿ ಬೀಳೂದ್ರಾಗ ನಾನಽ ಕಣ್ಣ ಮುಚ್ಚಿ, ಅವ ಅತ್ತಾಗ ತಿರುಗಿದ ಕೂಡ್ಲೆ ಸೆರಗಿಲೆ ಒರಿಸಿಕೊಂಡೇನಿ. ನಿನ್ನೆ ಏಕಾದಶಿ ಇತ್ರಿ. ಅದು ಗಂಟಲಕ್ಕ ಇಳೀತದ."

ಅವಳ ಕಷ್ಟ ಅಲ್ಲಿದ್ದ ನೇಸರಗಿ ಕಡೆಯ ನರ್ಸಬಾಯಿಗೆ ತಿಳಿಯಿತು. ಆಕೆ ತನ್ನ ಕಣ್ಣಿನ ಮೂಲೆಗೇ ಬೆರಳಿಟ್ಟು ತೋರಿಸಿದಳು. "ಮೂಗಿನ ಬಾಜೂಕ ಇಲ್ಲೊಂದು ಸಣ್ಣ ತೂತು ಐತ್ರಿ ಅಮ್ಮಾರ. ಹನಿ ಬಿದ್ದ ಕೂಡ್ಲೆ ಇಲ್ಲೆ ಹಗೂರಕ ಒತ್ತಿ ಹಿಡಿದ್ರ ಗಂಟಲಕ್ಕ ಇಳಿಯೂದಿಲ್ಲ."

ಮನೆಗೆ ಬರುವಾಗ ಟಾಂಗಾದಲ್ಲಿ ನನಗೆ ಸಿಟ್ಟಿಗಿಂತ ಹೆದರಿಕೆಯೇ ಹೆಚ್ಚಾಗಿತ್ತು. ನೇಮ ಉಳಿದರೆ ಕಣ್ಣು ಹೋಗುತ್ತದೆ. ಕಣ್ಣು ಉಳಿಯಬೇಕಾದರೆ ಅವಳ ನೇಮ ನನ್ನ ಕೈಯಿಂದ ಮುರಿಯಬೇಕು. ಅಂಥ ಪಾಪವನ್ನೆಲ್ಲ ನಂಬುತ್ತಿದ್ದೆಯಾ ಎಂದು ಕೇಳಬೇಡಿ. ಅತ್ಯಾ ನಂಬಿದ್ದಳು, ಹೆದರಿಕೊಳ್ಳಲು ನನಗೆ ಅಷ್ಟು ಸಾಕಾಗಿತ್ತು.

ಹದಿನೈದು ದಿನಕ್ಕೆ ಮತ್ತೆ ಏಕಾದಶಿ. ಸ್ನಾನ ಮಾಡಿ ಬಂದು ಅವಳ ಪಕ್ಕ ಕೂತೆ. "ಅತ್ಯಾ, ಖರೇ ಹೇಳಬೇಕು. ಕಹಿ ಬಂತಂದ್ರ ಇವತ್ತ ನಾ ಮತ್ತ ಹಾಕಂಗಿಲ್ಲ" ಎಂದೆ. ಅವಳು ಹೂಂ ಎಂದು ಗಡಿಯಾರದ ಕಡೆ ಮುಖ ಎತ್ತಿದಳು. ಹನಿ ಬಿತ್ತು. ಕಣ್ಣಿನ ಮೂಲೆ ಒತ್ತಿ ಹಿಡಿದು ಇನ್ನೂರರವರೆಗೆ ಎಣಿಸಿದೆ.

"ಬಂತೇನು?"

"ಇಲ್ಲೋ. ಏನೂ ಬರಲಿಲ್ಲ."

"ಖರೇನ?"

"ಖರೇನ. ಶಾಣ್ಯಾ ಅದಿ ನೀ."

ಆ ದಿನದ ನನ್ನ ಸಂತೋಷ ಹೇಳತೀರದು. ಉಳಿದ ಮೂರು ಹೊತ್ತೂ ಹಾಗೆಯೇ ಹಾಕಿದೆ, ಮೂರು ಸಲವೂ ಏನೂ ಬರಲಿಲ್ಲ ಎಂದಳು. ಕಟ್ಟೆಯ ಮೇಲೆ ಸಿಕ್ಕವರಿಗೆಲ್ಲ ಕಣ್ಣಿನ ತೂತಿನ ವಿಷಯ ವಿವರಿಸಿದೆ, ಅದನ್ನು ನಾನೇ ಕೊರೆದವನ ಹಾಗೆ. ಕಣ್ಣು ತಿಳಿಯಾಯಿತು. ದಪ್ಪ ಗಾಜಿನ ಕನ್ನಡಕ ಬಂತು. ನಲವತ್ತು ದಿನ ಮುಗಿಸಿ ಅತ್ಯಾ ಹೂಲಿಗೆ ಮರಳಿದಳು. ಕೊನೆಯವರೆಗೂ ಪುರಾಣ ಓದಿದಳು, ಹಾಳೆ ತಿರುವುತ್ತ.

ಇವತ್ತು ಬೆಳಿಗ್ಗೆ, ಏಳು ದಿನದ ಹೋರಾಟದ ನಂತರ, ನನ್ನ ಬಲಗಣ್ಣಿಗೆ ಹನಿ ಸರಿಯಾಗಿ ಬಿತ್ತು. ಆಗ ಕಲಿತಂತೆಯೇ ಮೂಲೆ ಒತ್ತಿ ಇನ್ನೂರು ಎಣಿಸಿದೆ. ಬೆರಳು ತೆಗೆದೆ. ಗಂಟಲಲ್ಲಿ ಕಹಿ. ಒತ್ತಿದ್ದು ಸಾಲಲಿಲ್ಲವೇನೋ ಎಂದು ಎಡಗಣ್ಣಿಗೆ ಹಾಕಿ ಇನ್ನೂ ಬಿಗಿಯಾಗಿ ಒತ್ತಿದೆ. ಕಡಿಮೆಯಿತ್ತು, ಆದರೂ ಬಂತು. ಈ ಔಷಧ ಬೇರೆ, ಆ ಔಷಧ ಬೇರೆ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಆದರೆ ಇಷ್ಟು ವರ್ಷ ನೆನಪಾಗದ ಒಂದು ಮಾತು ಅದೇ ಹೊತ್ತಿಗೆ ನೆನಪಾಯಿತು.

ಆ ಎರಡನೆಯ ಏಕಾದಶಿಯ ಸಂಜೆ ಪಕ್ಕದ ಮನೆಯ ಕಾಕೂ ಬಾಗಿಲಲ್ಲಿ ನಿಂತು, "ಇವತ್ತೂ ನಿರ್ಜಲ ಏನ್ರಿ?" ಎಂದು ಕೇಳಿದ್ದರು. ಬೆಳಗಿನಿಂದ ಬಾಯಿಗೆ ತೊಟ್ಟು ನೀರು ಹಾಕದೆ ಕೂತಿದ್ದ ಅತ್ಯಾ, "ಇಲ್ರಿ, ಇವತ್ತ ನಂದು ಉಪವಾಸ ಇಲ್ಲ" ಎಂದಿದ್ದಳು. ದೊಡ್ಡಸ್ತಿಕೆ ತೋರಿಸಬಾರದೆಂದು ಹಾಗೆಂದಳೆಂದು ತಿಳಿದು, "ಕಾಕೂನ ಮುಂದ ಯಾಕ ಸುಳ್ಳ ಹೇಳಿದಿ?" ಎಂದು ನಾನು ನಕ್ಕಿದ್ದೆ. ಅವಳೂ ನಕ್ಕಿದ್ದಳು.

ಕಾಕೂಗೆ ಅವಳು ಹೇಳಿದ್ದು ನಿಜ. ಸುಳ್ಳು ಹೇಳಿದ್ದು ನನಗೆ. ಕಹಿ ಬಂತು ಎಂದಿದ್ದರೆ ನಾನು ಬಾಟಲಿ ಕೆಳಗಿಡುತ್ತಿದ್ದೆ, ಇಲ್ಲವೇ ತಿಳಿದೂ ಹಾಕಿ ಜನ್ಮವಿಡೀ ಕೊರಗುತ್ತಿದ್ದೆ. ಅದಾಗಬಾರದೆಂದು ಅಷ್ಟು ವರ್ಷದ ನೇಮವನ್ನು ಸದ್ದಿಲ್ಲದೆ ಬಿಟ್ಟುಕೊಟ್ಟಳು. ಮುರಿದ ಉಪವಾಸವನ್ನು ಮರುದಿನದವರೆಗೂ ಹಸಿದೇ ಕಳೆದಳು. ನನ್ನನ್ನು ಶಾಣ್ಯಾ ಎಂದಳು. ನಾನು ಅದನ್ನು ನಂಬಿಕೊಂಡು ಊರೂರು ತಿರುಗಿ ಹೇಳಿದೆ.

ಕುರ್ಚಿಯಲ್ಲಿ ಕೂತಲ್ಲೇ ಅಳು ಬಂತು, ತಡೆಯಲಿಲ್ಲ. ಹಾಕಿದ ಔಷಧವೆಲ್ಲ ಕೆನ್ನೆಯ ಮೇಲೆ ಹರಿದುಹೋಯಿತು. ಅಷ್ಟರಲ್ಲಿ ಹೆಂಡತಿ ಒಳಗಿನಿಂದ ಬಂದು ಮುಖ ನೋಡಿ, "ಇವತ್ತೂ ಹೊರಗಽ ಬಿತ್ತೇನ್ರಿ?" ಎಂದು ಕೇಳಿದಳು.

ಬಾಟಲಿಯನ್ನು ಅವಳ ಕೈಗೆ ಕೊಟ್ಟೆ.

"ನೀನಽ ಹಾಕು. ನನಗ ಹಾಕಲಿಕ್ಕೆ ಬರೂದಿಲ್ಲ."