ಒಳಗೆ ಮಡಚಿಟ್ಟ ನೋವು

ನಮ್ಮ ಬೀದಿಯ ಟೈಲರ್ ಮಾಸ್ತರು ನಲವತ್ತು ವರ್ಷ ಯಾರ ಅಳತೆಗೂ ಸರಿಯಾಗಿ ಕತ್ತರಿಸಿದವರಲ್ಲ. ಎರಡು ಇಂಚು ಹೆಚ್ಚೇ ಬಿಟ್ಟು, ಮುಂದೆ ಬಿಚ್ಚಿಕೊಳ್ಳಲೆಂದು ಒಳಗೆ ಮಡಚಿಯೇ ಹೊಲಿಯುತ್ತಿದ್ದರು. "ಮನುಷ್ಯ ಉಬ್ತಾನೆ, ಬಟ್ಟೆ ಉಬ್ಬಲ್ಲ" ಎನ್ನುವರು. ನನ್ನ ಮದುವೆಯ ಪ್ಯಾಂಟು ಇಂದಿಗೂ ನನಗೆ ಸರಿಹೊಂದುವುದು ಅವರ ದೂರದೃಷ್ಟಿಯಿಂದ, ನನ್ನ ಸಂಯಮದಿಂದಲ್ಲ.

ಪ್ರಾಸ್ಟೇಟ್ ಕ್ಯಾನ್ಸರ್ ಸೊಂಟದ, ಬೆನ್ನಿನ ಮೂಳೆಗಳಿಗೆ ಇಳಿದ ಮೇಲೆ ಮಾಸ್ತರಿಗೆ ಮಲಗಲಾಗಲಿಲ್ಲ. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದು ಬಾಳಿದವರಿಗೆ ಈಗ ಹಾಸಿಗೆಯೇನೋ ಇತ್ತು, ಕಾಲು ಚಾಚುವಂತಿರಲಿಲ್ಲ. ಹೊಲಿಗೆ ಯಂತ್ರದ ಮೇಲೆ ದಿಂಬಿಟ್ಟು, ತಲೆಯಾನಿಸಿ, ಕೂತಲ್ಲೇ ತೂಕಡಿಸುತ್ತಿದ್ದರು. ಕಿಟಕಿಯ ಬಿಸಿಲಲ್ಲಿ ಹತ್ತಿಯ ಎಳೆಗಳು ತೇಲುತ್ತಿದ್ದವು. ಒಂದು ಮಧ್ಯಾಹ್ನ, ಒಂದೇ ಒಂದು, ನೆಟ್ಟಗೆ ಮಲಗಬೇಕು. ಅಷ್ಟೇ ಅವರ ಆಸೆ.

ನೋವು ತಗ್ಗಿಸುವ ಆರೈಕೆಗೆಂದು ಮನೆಗೆ ಬರುವ ಸಿಸ್ಟರ್ ಪ್ರತಿ ಸಲ ಕೇಳುವರು: "ನೋವು ಹತ್ತಕ್ಕೆ ಎಷ್ಟು, ಮಾಸ್ತರೇ?"

"ನಾಲ್ಕು ಬರ್ಕೊಳಮ್ಮ."

ನಾಲ್ಕಕ್ಕೆ ತಕ್ಕಷ್ಟೇ ಮಾರ್ಫಿನ್ ಮಾತ್ರೆ ಬರುತ್ತಿತ್ತು. ಕಾಲು ಮಾತ್ರ ಚಾಚುತ್ತಿರಲಿಲ್ಲ.

ಮೂರನೆಯ ಸಲ, ಗುಂಡಿ ಹಾಕುತ್ತ ಕೂತಿದ್ದ ಅವರ ಹೆಂಡತಿ ಸೂಜಿ ನಿಲ್ಲಿಸಿದರು. "ಸಿಸ್ಟರ್, ಅದು ಅಂಗಡಿ ಲೆಕ್ಕದ ನಾಲ್ಕು. ಮಿಕ್ಕಿದ್ದು ಒಳಗೆ ಮಡಚಿರ್ತಾರೆ, ನಂಗೊತ್ತಿಲ್ವಾ ಇವರ ಕೈ?"

"ಎಷ್ಟು ಮಡಚಿದೀರಿ, ಮಾಸ್ತರೇ?"

ಮಾಸ್ತರು ಚಪ್ಪಲಿ ನೋಡಿಕೊಂಡರು. "ಇನ್ನೊಂದು ನಾಲ್ಕು. ಈಗ್ಲೇ ಎಂಟು ಅಂದ್ಬಿಟ್ರೆ, ನಾಳೆ ಹೆಚ್ಚಾದಾಗ ಬಿಚ್ಚೋಕೆ ಏನಮ್ಮ ಉಳಿಯುತ್ತೆ?"

"ಔಷಧಿ ನಮ್ಮಲ್ಲಿ ಥಾನುಗಟ್ಟಲೆ ಇದೆ. ನೀವು ಮಿಗಿಸೋದು ಬೇಡ" ಎಂದು ಸಿಸ್ಟರ್ ಅಲ್ಲಿಂದಲೇ ಡಾಕ್ಟರಿಗೆ ಫೋನು ಮಾಡಿದರು.

ಮಾರ್ಫಿನ್ ಹೆಚ್ಚಿತು, ಗಡಿಯಾರ ನೋಡಿ ಕೊಡುವಂತಾಯಿತು. ಜೊತೆಗೆ ಹೊಟ್ಟೆ ಕಟ್ಟದಿರಲು ಒಂದು ಸಿರಪ್ಪು. ಸೊಂಟಕ್ಕೆ ಒಂದು ದಿನ ರೇಡಿಯೇಷನ್ ಕೊಟ್ಟರು.

ಎರಡು ವಾರ ಕಳೆದು ಒಂದು ಮಧ್ಯಾಹ್ನ ನಾನು ಹೋದಾಗ ಯಂತ್ರದ ಮೇಲೆ ದಿಂಬಿರಲಿಲ್ಲ. ಮಾಸ್ತರು ಮಂಚದ ಮೇಲಿದ್ದರು. ಕಣ್ಣು ಮುಚ್ಚಿತ್ತು, ಬೆರಳುಗಳು ಗಾಳಿಯಲ್ಲಿ ಯಾವುದೋ ಬಟ್ಟೆಯನ್ನು ನೇವರಿಸುತ್ತಿದ್ದವು. ಬಿಚ್ಚಿದಷ್ಟೂ ಬಿಚ್ಚಿಕೊಳ್ಳುವ, ಅಂಚೇ ಸಿಗದ ಬಿಳಿ ಬಟ್ಟೆಯಿರಬೇಕು.

ಹೆಂಡತಿ ಬಗ್ಗಿ ಕೇಳಿದರು: "ಈಗೆಷ್ಟು, ರೀ?"

"ಎರಡು."

"ಮಡಚಿದ್ದೂ ಸೇರಿಸಿ?"

"ಎಲ್ಲಾ ಬಿಚ್ಚಿದೀನಿ ಕಣೆ."

ಹಾಸಿಗೆ ಮುಗಿದು, ಅದರಾಚೆಗೂ ಎರಡಿಂಚು, ಅವರ ಕಾಲು ಚಾಚಿಕೊಂಡಿತ್ತು.